ಉಣುಗನ್ನು ಹೊಸಕಿ ಬಿಸಾಡಬೇಡಿ

ಐರ್ಲೆಂಡಿನ ವಿಕ್ಲೋ ಬೆಟ್ಟ ಸುತ್ತಿ ಬಂದವರ ಕಾಲಿಗೆ ಗಸಗಸೆ ಕಾಳಿನಷ್ಟು ಉಣುಗು ಕಚ್ಚಿಕೊಂಡಿದ್ರೆ, ಬಹಳ ಜನ ಕಿತ್ತು ಹೊಸಕಿಬಿಡ್ತಾರೆ. ಅದು ಬೇಡ ಅಂತೀವಿ ನಾವು. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಡಬ್ಬಿಯಲ್ಲಿಟ್ಟು ತಾರೀಖು, ಜಾಗ ಬರೆಯಿರಿ. ಪ್ರಯೋಗಾಲಯದಲ್ಲಿ ಪ್ರಭೇದ ಗುರುತಿಸಲು ಅದರ ಬಾಯಿಯ ಭಾಗಗಳು ಮುರಿಯದೆ ಇರಬೇಕು. ಇಲ್ಲಿನ ಇಕ್ಸೋಡಿಸ್ ರಿಸಿನಸ್ ಲೈಮ್ ಕಾಯಿಲೆ ಹರಡಬಲ್ಲದು. ನಮ್ಮ ಮಲೆನಾಡಿನ ಹೀಮಾಫೈಸಾಲಿಸ್ ಸ್ಪೈನಿಜೆರಾ, 1957ರಲ್ಲಿ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು. ಊರಿಂದ ಈಗಷ್ಟೇ ಮರಳಿದವರ ಮೈಮೇಲಿನದು ಯಾವುದೆಂದು ತಿಳಿದರೆ ಇಲ್ಲಿನ ವೈದ್ಯರ ಯೋಚನೆಯೇ ಬದಲಾದೀತು. ಹಾಗಂತ ಹೆಸರು ಸಿಕ್ಕರೆ ಸೋಂಕು ಖಚಿತ ಅಂತಲ್ಲ. ಹೆಚ್ಚಿನ ಕಡಿತಗಳಿಂದ ಏನೂ ಆಗೋದಿಲ್ಲ. ಕಚ್ಚಿದಲ್ಲಿ ಕೆಂಪು ಹರಡಿದರೆ, ಜ್ವರ ಬಂದರೆ ಮಾತ್ರ ವರದಿಗೆ ಕಾಯದೆ ಡಾಕ್ಟರನ್ನ ನೋಡಿ.