ಹಬ್ಬದ ದಾನಕ್ಕೆ ಹುಲ್ಲು ಕೊಡಿ



ಸಂಕ್ರಾಂತಿ ಹತ್ತಿರ ಬಂತು. ರಾಗಿ ಕಣ ಮುಗಿದು ಹುಲ್ಲು ಮೆದೆ ಏರಿದೆ, ಅವರೆಕಾಯಿಯ ಸೊಗಡು ಊರೆಲ್ಲ ಹರಡಿದೆ. ವರ್ಷವಿಡೀ ಹಾಲು ಕೊಟ್ಟ ಹಸುವಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಹಾರ ಹಾಕಿ ಕಿಚ್ಚು ಹಾಯಿಸುವ ಹಬ್ಬ ಇದು. ದನಕ್ಕೆ ಕೃತಜ್ಞತೆ ಹೇಳಲೆಂದೇ ಒಂದು ದಿನ ಮೀಸಲಿಟ್ಟಿದ್ದು ನಮ್ಮ ಹಿರಿಯರ ದೊಡ್ಡತನ. ಆದರೆ ಅಂದು ನಾವು ಕೊಡುವುದು ಪಡೆಯುವವರಿಗೆ ದಕ್ಕುತ್ತಿದೆಯೇ? ಪಶುವೈದ್ಯನಾಗಿ ನಾನು ಕಂಡ ಮಟ್ಟಿಗೆ ಬಹಳ ಸಲ ದಕ್ಕುತ್ತಿಲ್ಲ.

ನಮ್ಮ ಕೊಟ್ಟಿಗೆಯನ್ನೇ ಮೊದಲು ನೋಡೋಣ. ಹಬ್ಬದ ಮರುದಿನ ನಮ್ಮ ಫೋನಿಗೆ ಬಿಡುವಿರುವುದಿಲ್ಲ. ಹಸು ಮೇವು ಮುಟ್ಟುತ್ತಿಲ್ಲ, ಮೆಲುಕು ಹಾಕುತ್ತಿಲ್ಲ, ಹುಳಿ ವಾಸನೆಯ ಸಗಣಿ ನೀರಾಗಿ ಹೋಗುತ್ತಿದೆ, ಹಾಲು ಅರ್ಧಕ್ಕೆ ಇಳಿದಿದೆ, ಇನ್ನು ಕೆಲವು ಕಡೆ ಹಸು ಮೇಲೇಳುತ್ತಲೇ ಇಲ್ಲ. ಕಾರಣ ಕೇಳಿದರೆ ಮನೆಯವರು ಸಂಕೋಚದಿಂದ ಹೇಳುತ್ತಾರೆ: ಸಿಹಿ ಹುಗ್ಗಿ ಒಂದು ಬೋಗುಣಿ ಕೊಟ್ಟೆವು ಸಾರ್, ಪಕ್ಕದ ಮನೆಯವರೂ ಕೊಟ್ಟರು. ಅನ್ನ, ಬೆಲ್ಲ, ಹೋಳಿಗೆ ಇವು ಹಸುವಿನ ದೊಡ್ಡ ಹೊಟ್ಟೆಯಲ್ಲಿ ಬೇಗನೆ ಹುಳಿಯುತ್ತವೆ. ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡು, ನಾರು ಕರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಆಮ್ಲ ರಕ್ತಕ್ಕೆ ಸೇರಿದರೆ ಜೀವಕ್ಕೇ ಕುತ್ತು. ಬದುಕಿ ಉಳಿದ ಹಸುವೂ ಕೆಲವೊಮ್ಮೆ ಗೊರಸಿನ ಉರಿಯಿಂದ ತಿಂಗಳುಗಟ್ಟಲೆ ಕುಂಟುತ್ತದೆ. ಪೂಜೆಯ ಪ್ರಸಾದ ಒಂದು ಹಿಡಿ ಸಾಕು, ಅದಕ್ಕಿಂತ ಮೇಲೆ ಬೇಡ. ಉಳಿದದ್ದೆಲ್ಲ ಅದು ದಿನವೂ ತಿನ್ನುವ ಮೇವೇ ಇರಲಿ, ಬೇಕಾದರೆ ಒಳ್ಳೆಯ ಹಸಿರು ಹುಲ್ಲು ಒಂದು ಹೊರೆ ಹೆಚ್ಚು ಹಾಕಿ. ಹಾಗೆಯೇ ತುಂಬು ಗಬ್ಬದ ಹಸುವನ್ನು ಕಿಚ್ಚಿಗೆ ಓಡಿಸಬೇಡಿ. ಊರ ಮುಂದೆ ಜಾರಿ ಬಿದ್ದ ಹಸುವಿಗೆ ಚಿಕಿತ್ಸೆ ಮಾಡಲು ಹಬ್ಬದ ರಾತ್ರಿ ನಾನು ಹೋಗಿದ್ದೇನೆ.

ಇಷ್ಟು ಕೊಟ್ಟಿಗೆಯ ಮಾತಾಯಿತು. ನಾನು ನಿಜವಾಗಿ ಹೇಳಬೇಕೆಂದಿರುವುದು ಗೋಶಾಲೆಗಳ ಬಗ್ಗೆ.

ತಪಾಸಣೆಗೆಂದು ನಾನು ಆಗಾಗ ಹೋಗುವ ಒಂದು ಗೋಶಾಲೆಗೆ ಸಂಕ್ರಾಂತಿ ಮತ್ತು ದೀಪಾವಳಿಯ ದಿನ ಕಾಲಿಡಲು ಜಾಗವಿರುವುದಿಲ್ಲ. ಕಾರುಗಳು ಸಾಲಾಗಿ ನಿಂತಿರುತ್ತವೆ. ಬಾಳೆಹಣ್ಣು ಗೊನೆಗೊನೆಯಾಗಿ ಬರುತ್ತದೆ, ಬೆಲ್ಲ ಅಚ್ಚುಗಟ್ಟಲೆ ಬರುತ್ತದೆ, ಪ್ಲಾಸ್ಟಿಕ್ ಕವರಿನ ಸಮೇತ ಸೊಪ್ಪು ಬರುತ್ತದೆ. ಆ ಮುದಿ ಹಸುಗಳು ಅಷ್ಟನ್ನು ತಿಂದು ಅರಗಿಸಿಕೊಳ್ಳಲಾರವು. ಅದೇ ಗೋಶಾಲೆಗೆ ಏಪ್ರಿಲ್‌ನಲ್ಲಿ ಹೋದರೆ ಗೋದಲಿಯಲ್ಲಿ ಹುಲ್ಲಿನ ಕಡ್ಡಿ ಎಣಿಸಬಹುದು. ನೋಡಿಕೊಳ್ಳುವವರು ಹುಲ್ಲಿನ ವ್ಯಾಪಾರಿಯ ಹತ್ತಿರ ಸಾಲ ಹೇಳಿ ಹೇಳಿ ಸೋತಿರುತ್ತಾರೆ. ಎರಡು ದಿನ ಅಜೀರ್ಣ, ಮೂರು ತಿಂಗಳು ಅರೆಹೊಟ್ಟೆ. ಕೊಡುವ ಮನಸ್ಸಿಗೆ ನಮ್ಮ ಜನರಲ್ಲಿ ಬರ ಇಲ್ಲ. ಕೊಡುವ ಹೊತ್ತು ಮತ್ತು ವಸ್ತು ಮಾತ್ರ ತಪ್ಪುತ್ತಿದೆ.

ಲೆಕ್ಕ ನೋಡಿ. 300 ಕಿಲೋ ತೂಕದ ಬತ್ತಿದ ಹಸುವಿಗೆ ದಿನಕ್ಕೆ ಕನಿಷ್ಠ 6 ಕಿಲೋ ಒಣ ಮೇವಾದರೂ ಬೇಕು. ತಿಂಗಳಿಗೆ 180 ಕಿಲೋ. ಬೇಸಿಗೆಯ ಮೂರು ತಿಂಗಳಿಗೆ 540 ಕಿಲೋ. ಐವತ್ತು ದನವಿರುವ ಚಿಕ್ಕ ಗೋಶಾಲೆಗೇ 27 ಟನ್ ಆಯಿತು. ಇದನ್ನು ಪೇಟೆಯವರು ಬಾಳೆಹಣ್ಣಿನಲ್ಲಿ ತುಂಬಿಸಲಾರರು. ತುಂಬಿಸಬಲ್ಲವರು ನಾವು. ಈಗ, ಜನವರಿಯಲ್ಲಿ, ಹುಲ್ಲು ನಮ್ಮ ಮನೆ ಮುಂದೆಯೇ ಮೆದೆಯಾಗಿ ನಿಂತಿದೆ, ಬೆಲೆಯೂ ಕಡಿಮೆ. ಯಂತ್ರದಲ್ಲಿ ಭತ್ತ ಕೊಯ್ಯಿಸಿದ ಕಡೆ ಹುಲ್ಲನ್ನು ಗದ್ದೆಯಲ್ಲೇ ಬಿಟ್ಟು ಬೆಂಕಿ ಹಚ್ಚುವುದೂ ಉಂಟು. ಅದನ್ನು ಸುರುಳಿ ಕಟ್ಟಿಸಿ ಕಳಿಸಿದರೆ ಮಣ್ಣಿಗೂ ಒಳ್ಳೆಯದು, ದನಕ್ಕೂ ಒಳ್ಳೆಯದು.

ಹಿಂದೆ ಸುಗ್ಗಿಯಲ್ಲಿ ರಾಶಿ ಪೂಜೆಯಾದ ಮೇಲೆ ಕಾಳು ಮನೆಗೆ ಹೋಗುವ ಮುಂಚೆ ಕಣದಲ್ಲೇ ಆಯಗಾರರಿಗೆ ಅಳೆದು ಕೊಡುತ್ತಿದ್ದರು. ಅದರಲ್ಲಿ ಮೇಲು ಕೀಳಿನ ಕಹಿ ಬೇಕಾದಷ್ಟಿತ್ತು, ಆ ವ್ಯವಸ್ಥೆ ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಕೊಡುತ್ತಿದ್ದದ್ದು ವರ್ಷದ ಕಾಳು, ಒಂದು ಹೊತ್ತಿನ ಹೋಳಿಗೆಯಲ್ಲ.

ಇನ್ನೊಂದು ಮಾತು ಕೆಲವರಿಗೆ ಬೇಸರ ತರಿಸಬಹುದು. ಹಬ್ಬದ ಹೊತ್ತಿಗೆ ಗೋಶಾಲೆಗೆ ಗಂಡುಕರುಗಳೂ ಬರುತ್ತವೆ. ಹುಟ್ಟಿ ಎರಡೋ ಮೂರೋ ದಿನವಾದ ಎಚ್‌ಎಫ್ ಕರುವನ್ನು ಆಟೋದಲ್ಲಿ ತಂದು, ಅರಿಶಿನ ಕುಂಕುಮ ಹಚ್ಚಿ, ಗೋದಾನ ಎಂದು ಬಿಟ್ಟು ಹೋಗುತ್ತಾರೆ. ಹೆಸರು ದಾನವಾದರೂ ನಡೆಯುವುದು ಭಾರ ಇಳಿಸಿಕೊಳ್ಳುವ ಕೆಲಸ. ಸರಿಯಾಗಿ ಗಿಣ್ಣುಹಾಲು ಕುಡಿಯದ ಕರುವಿಗೆ ರೋಗ ತಡೆಯುವ ಶಕ್ತಿಯೇ ಇರುವುದಿಲ್ಲ. ಅಲ್ಲಿ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುವವರೂ ಸಾಲದು. ಇಂಥ ಎಷ್ಟೋ ಕರುಗಳು ಭೇದಿಯಾಗಿ ವಾರದೊಳಗೆ ಸಾಯುವುದನ್ನು ನೋಡಿದ್ದೇನೆ. ಗಂಡುಕರು ಸಾಕುವ ಕಷ್ಟ ನನಗೆ ಗೊತ್ತು. ಮಾರುವ ದಾರಿ ಕಿರಿದಾಗಿದೆ, ಹಾಲಿನ ಲೆಕ್ಕ ಬಿಗಿಯಾಗಿದೆ. ಅದಕ್ಕೆ ಪರಿಹಾರ ಹುಟ್ಟುವ ಮುಂಚೆಯೇ ಹುಡುಕಬೇಕು. ಲಿಂಗ ನಿರ್ಧರಿತ ವೀರ್ಯ ಬಳಸಿದರೆ ಹತ್ತರಲ್ಲಿ ಸುಮಾರು ಒಂಬತ್ತು ಹೆಣ್ಣುಕರು ಹುಟ್ಟುತ್ತವೆ. ಕೃತಕ ಗರ್ಭಧಾರಣೆ ಕಾರ್ಯಕರ್ತರನ್ನು ಕೇಳಿ. ಹುಟ್ಟಿದ್ದು ಗಂಡಾದರೂ ಮೊದಲ ಎರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ, ಕೆಲವು ವಾರವಾದರೂ ಮನೆಯಲ್ಲೇ ಸಾಕಿ. ಆಮೇಲೂ ಗೋಶಾಲೆಗೆ ಬಿಡಲೇಬೇಕಾದರೆ ಅದರ ಮೇವನ್ನೂ ಜೊತೆಗೆ ಕೊಡಿ.

ಹಣವಾಗಿ ಕೊಡುವವರಿಗೂ ದಾರಿ ಇದೆ. 2022ರಲ್ಲಿ ರಾಜ್ಯ ಸರ್ಕಾರ ಪುಣ್ಯಕೋಟಿ ದತ್ತು ಯೋಜನೆ ತಂದಾಗ ಗೋಶಾಲೆಯ ಒಂದು ಹಸುವನ್ನು ದತ್ತು ಪಡೆಯಲು ವರ್ಷಕ್ಕೆ 11,000 ರೂಪಾಯಿ ನಿಗದಿ ಮಾಡಿತ್ತು. ದಿನಕ್ಕೆ ಸುಮಾರು 30 ರೂಪಾಯಿ. ನೂರು ಜನ ಹಾಲು ಹಾಕುವ ಸಂಘದಲ್ಲಿ ಒಬ್ಬೊಬ್ಬರು ವರ್ಷಕ್ಕೆ 110 ರೂಪಾಯಿ ಕೊಟ್ಟರೆ ಒಂದು ಹಸುವಿನ ವರ್ಷ ಕಳೆಯುತ್ತದೆ. ಸರಿಸುಮಾರು ಮೂರು ಲೀಟರ್ ಹಾಲಿನ ದುಡ್ಡು. ಇದನ್ನು ಸಂಘದ ಸಭೆಯಲ್ಲಿ ಚರ್ಚಿಸಿ ತೀರ್ಮಾನಿಸಿ. ಒಪ್ಪಿ ಸಹಿ ಹಾಕಿದವರ ಬಟವಾಡೆಯಲ್ಲಿ ಮಾತ್ರ ಹಿಡಿಯಿರಿ. ಕಾರ್ಯದರ್ಶಿಗಳು ದಯವಿಟ್ಟು ಇದನ್ನು ಗಮನಿಸಬೇಕು: ಕೇಳದೆ ಹಿಡಿದ ದುಡ್ಡು ದಾನವಲ್ಲ. ಒಂದೇ ಹಸುವಿನ ಹಾಲಿನಲ್ಲಿ ಮಕ್ಕಳ ಫೀಸು ಕಟ್ಟುವ ಮನೆಗಳೂ ನಮ್ಮಲ್ಲಿವೆ. ಅಂಥವರು ಕೊಡದಿದ್ದರೆ ಯಾರೂ ಮಾತಾಡಬಾರದು. ಹಾಗೆಯೇ ಸಭೆಗೆ ಮನೆಯ ಹೆಂಗಸರನ್ನೂ ಕರೆಯಿರಿ. ಹಬ್ಬದ ದಿನ ಹಾರ ಹಾಕಲು ಗಂಡಸರು ಮುಂದಿರುತ್ತೇವೆ, ವರ್ಷವಿಡೀ ಸಗಣಿ ಬಾಚುವವರು ಅವರು.

ಎಲ್ಲ ಗೋಶಾಲೆಯೂ ಒಂದೇ ಅಲ್ಲ. ಕೊಡುವ ಮುಂಚೆ ಇಬ್ಬರು ಹೋಗಿ ನೋಡಿ ಬನ್ನಿ. ದನಗಳ ಲೆಕ್ಕ ಬರೆದಿಟ್ಟಿದ್ದಾರೆಯೇ, ಕುಡಿಯುವ ನೀರಿನ ತೊಟ್ಟಿ ತುಂಬಿದೆಯೇ, ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ್ದಾರೆಯೇ, ಕೊಟ್ಟದ್ದಕ್ಕೆ ರಸೀದಿ ಕೊಡುತ್ತಾರೆಯೇ ಎಂದು ವಿಚಾರಿಸಿ. ಕೇಳಿದರೆ ಒಳ್ಳೆಯ ಗೋಶಾಲೆಯವರು ಬೇಸರಪಡುವುದಿಲ್ಲ. ಹೋಗಿ ಬಂದವರು ಮನೆಯ ಕೊಟ್ಟಿಗೆಗೆ ಕಾಲಿಡುವ ಮುಂಚೆ ಕೈಕಾಲು, ಚಪ್ಪಲಿ ತೊಳೆದುಕೊಳ್ಳುವುದು ಕ್ಷೇಮ.

ಹುಲ್ಲು ಕಳಿಸುವವರು ಚೆನ್ನಾಗಿ ಒಣಗಿದ ಹುಲ್ಲನ್ನೇ ಕಳಿಸಿ, ಬೂಷ್ಟು ಹಿಡಿದದ್ದು ಬೇಡ. ಒಬ್ಬೊಬ್ಬರ ಹತ್ತು ಕಂತೆ ಸೇರಿದರೆ ಊರಿಗೊಂದು ಟ್ರಾಕ್ಟರ್ ಲೋಡು ಆಗುತ್ತದೆ. ಇಳಿಸಲು ಜಾಗ, ಮಳೆಗೆ ಮುಚ್ಚಲು ಟಾರ್ಪಾಲು ಇದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಹಬ್ಬದ ದಿನವೇ ಹೋಗಬೇಕೆಂದಿಲ್ಲ. ಆ ದಿನ ಅಲ್ಲಿ ಕಾರುಗಳಿರುತ್ತವೆ, ಟ್ರಾಕ್ಟರ್ ತಿರುಗಿಸಲೂ ಜಾಗ ಸಿಗುವುದಿಲ್ಲ.