ಹದಿನಾಲ್ಕು ದಿನದ ಮಾತ್ರೆ, ನೀಲಿ ತುಟಿ

ದೇವನಹಳ್ಳಿ ತಾಲ್ಲೂಕಿನ ಪೂಜನಹಳ್ಳಿಯಲ್ಲಿ ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆಯ ಕ್ಷೇತ್ರ ಘಟಕವಿದೆ. ಅಲ್ಲಿನ ವಿಮಾನ ನಿಲ್ದಾಣದ ಆಸುಪಾಸಿನ ಕಟ್ಟಡಗಳಲ್ಲಿ, ಹೊಸಕೋಟೆ, ನೆಲಮಂಗಲದ ಕಾರ್ಖಾನೆಗಳಲ್ಲಿ ಒಡಿಶಾ, ಜಾರ್ಖಂಡ್ ಕಡೆಯವರು ದುಡಿಯುತ್ತಾರೆ. ಅವರ ಊರುಗಳ ಕಾಡಂಚಿನಲ್ಲಿ ಮಲೇರಿಯಾ ಇನ್ನೂ ಇದೆ. ವೈವಾಕ್ಸ್ ಮಲೇರಿಯಾದ ಪರಾವಲಂಬಿ ಯಕೃತ್ತಿನಲ್ಲಿ ಅಡಗಿ ಕುಳಿತು, ತಿಂಗಳುಗಳ ಮೇಲೆ ಮತ್ತೆ ಜ್ವರ ತರುತ್ತದೆ. ರಕ್ತದಲ್ಲಿರುವುದಕ್ಕೆ ಕ್ಲೋರೊಕ್ವಿನ್ ಸಾಕು. ಅಡಗಿದ್ದನ್ನು ಕೊಲ್ಲಲು 14 ದಿನ ಪ್ರಿಮಾಕ್ವಿನ್ ನುಂಗಬೇಕು. ಮೂರ್ನಾಲ್ಕು ದಿನಕ್ಕೆ ಜ್ವರ ಇಳಿಯುತ್ತದೆ, ಮಾತ್ರೆ ಉಳಿಯುತ್ತದೆ. ಅದನ್ನು ಪೂರ್ತಿ ನುಂಗಿಸಬೇಕಾದರೆ, ತುಟಿ ನೀಲಿಗಟ್ಟಬಹುದೆಂದು ಮಾತ್ರೆ ಕೊಡುವ ದಿನವೇ ಹೇಳಬೇಕು.

ಪ್ರಿಮಾಕ್ವಿನ್ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣದ ರೂಪ ಬದಲಿಸಿ, ಆಮ್ಲಜನಕ ಹೊರಲಾರದ ಮೆಟ್‌ಹಿಮೋಗ್ಲೋಬಿನ್ ಉಂಟುಮಾಡುತ್ತದೆ. ಅದು ಶೇ 10-15 ದಾಟಿದರೆ ಚರ್ಮಕ್ಕೆ ನೀಲಿ ಛಾಯೆ ಬರುತ್ತದೆ, ತೆಗೆದ ರಕ್ತ ಚಾಕೊಲೇಟ್ ಬಣ್ಣಕ್ಕಿರುತ್ತದೆ. ನಮ್ಮ ಕಪ್ಪು ಮೈಬಣ್ಣದಲ್ಲಿ ಇದನ್ನು ತೋಳಲ್ಲೋ ಕೆನ್ನೆಯಲ್ಲೋ ಹುಡುಕಿ ಫಲವಿಲ್ಲ; ನಾಲಿಗೆ, ಒಳತುಟಿ, ಉಗುರಿನ ಬುಡ ನೋಡಬೇಕು. ಕುತೂಹಲದ ಸಂಗತಿಯೆಂದರೆ, ಥಾಯ್ಲೆಂಡ್-ಮ್ಯಾನ್ಮಾರ್ ಗಡಿಯ ರೋಗಿಗಳ ಬಗ್ಗೆ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಏಳನೇ ದಿನ ಮೆಟ್‌ಹಿಮೋಗ್ಲೋಬಿನ್ ಹೆಚ್ಚಿದ್ದವರಿಗೆ ಜ್ವರ ಮರುಕಳಿಸಿದ್ದು ಕಡಿಮೆ. ಎಂದರೆ, ತುಸು ಏರಿಕೆ ಮದ್ದು ಹತ್ತಿದ್ದರ ಗುರುತೂ ಆಗಿರಬಹುದು. ಹಾಗೆಂದು ಉಸಿರು ಕಟ್ಟುವಷ್ಟು ನೀಲಿಯಾದರೆ ಸುಮ್ಮನಿರುವಂತಿಲ್ಲ.

ಹೇಳಿದರೆ ಹೆದರಿ ಮಾತ್ರೆ ಬಿಡುತ್ತಾರೆ ಎನ್ನುವವರಿದ್ದಾರೆ. ಆ ಅಂಜಿಕೆ ಸುಳ್ಳಲ್ಲ. ಆದರೆ ಏನೂ ಗೊತ್ತಿಲ್ಲದವನು ಕನ್ನಡಿಯಲ್ಲಿ ನೀಲಿ ತುಟಿ ಕಂಡರೆ ಆ ಮಾತ್ರೆಯನ್ನಷ್ಟೇ ಅಲ್ಲ, ಆಸ್ಪತ್ರೆಯನ್ನೇ ಬಿಡುತ್ತಾನೆ. ಮಾಮೂಲಿ ಪ್ರಮಾಣದಲ್ಲಿ ನೀಲಿಗಟ್ಟುವುದು ಅಪರೂಪ, ಇಷ್ಟೆಲ್ಲ ಏಕೆ ಎಂಬುದು ಇನ್ನೊಂದು ಆಕ್ಷೇಪ. ಅಪರೂಪವೇ ಸರಿ, ಆದರೆ ಜಿ-6-ಪಿಡಿ ಕಿಣ್ವದ ಕೊರತೆಯಿರುವವರಲ್ಲಿ ಇದೇ ಮಾತ್ರೆ ರಕ್ತಕಣಗಳನ್ನು ಒಡೆಯುತ್ತದೆ, ಮೂತ್ರ ಕಪ್ಪಾಗುತ್ತದೆ. ನೀಲಿಗೆ ಮದ್ದಾದ ಮಿಥಿಲಿನ್ ಬ್ಲೂ, 1891ರಲ್ಲಿ ಪಾಲ್ ಎರ್ಲಿಕ್ ಮಲೇರಿಯಾಕ್ಕೇ ಪ್ರಯೋಗಿಸಿದ್ದ ಬಣ್ಣ, ಈ ಕೊರತೆಯಿರುವವರಿಗೆ ಅಪಾಯಕಾರಿ. ಆದ್ದರಿಂದ ಮಾತ್ರೆಗೆ ಮುಂಚೆಯೇ ಆ ಕಿಣ್ವದ ಪರೀಕ್ಷೆ ಆಗಬೇಕು.

ಇದಕ್ಕೆಲ್ಲ ಖರ್ಚು ಎನ್ನುವ ಮಾತು ಪರೀಕ್ಷೆಗೆ ಅನ್ವಯಿಸೀತು, ರೋಗಿಗೆ ತಿಳಿಸುವುದಕ್ಕಲ್ಲ. ಮಾತ್ರೆಯ ಕವರಿನ ಮೇಲೆ ಹಿಂದಿ, ಒಡಿಯಾದಲ್ಲೂ ಎರಡು ಸಾಲು ಸಾಕು: ತುಟಿ ನೀಲಿಯಾದರೆ, ಮೂತ್ರ ಕಪ್ಪಾದರೆ ಅಂದೇ ಬನ್ನಿ. ಏಳನೇ ದಿನ ಆಶಾ ಕಾರ್ಯಕರ್ತೆ ಕಾರ್ಮಿಕರ ಶೆಡ್ಡಿಗೆ ಹೋಗಿ ಉಳಿದ ಮಾತ್ರೆ ಎಣಿಸುವಾಗ, ಉಗುರನ್ನೂ ಒಮ್ಮೆ ನೋಡಲಿ.