ಕಟ್ಟುಮರದ ವಿಹಾರ, ಹವಳದ ಲೆಕ್ಕ

'ಕ್ಯಾಟಮರಾನ್' ಎಂಬುದು ಇಂದು ಸಿರಿವಂತರ ವಿಹಾರದ ಹೆಸರು. ಆದರೆ ಆ ಶಬ್ದ ಹುಟ್ಟಿದ್ದು ಬಡವರ ಕಡಲಿನಲ್ಲಿ. ಕೋರಮಂಡಲ ತೀರದ ಮೀನುಗಾರ ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಅಲೆಗಳಿಗೆ ಎದುರಾಗುತ್ತಿದ್ದ. ತಮಿಳರು ಅದನ್ನು ಕಟ್ಟುಮರಂ ಎಂದರು. ಹದಿನೇಳನೆಯ ಶತಮಾನದ ಇಂಗ್ಲಿಷ್ ನಾವಿಕರು ಆ ಶಬ್ದವನ್ನು ತಮ್ಮೊಂದಿಗೆ ಒಯ್ದರು. ಮುಂದೆ ಪೆಸಿಫಿಕ್ ದ್ವೀಪವಾಸಿಗಳ ಜೋಡಿದೋಣಿಯನ್ನು ಹೋಲುವ, ಎರಡು ಒಡಲಿನ ನೌಕೆಗಳಿಗೆಲ್ಲ ಅದೇ ಹೆಸರು ಅಂಟಿಕೊಂಡಿತು. ಹೊಟ್ಟೆಪಾಡಿನ ತೆಪ್ಪದ ಹೆಸರನ್ನು ಹೊತ್ತ ಬಿಳಿಯ ವಿಹಾರನೌಕೆಗಳು ಈಗ ಕೆರಿಬಿಯನ್ ಕಡಲಿನ ಉದ್ದಗಲಕ್ಕೂ ಓಡಾಡುತ್ತವೆ. ಜಮೈಕ ದ್ವೀಪದ ಮಾಂಟೆಗೊ ಬೇ ಪಟ್ಟಣ ಅಂಥ ವಿಹಾರಗಳ ಹೆಸರುವಾಸಿ ನೆಲೆ.

ವಿಹಾರದ ಕ್ರಮ ಹೆಚ್ಚುಕಡಿಮೆ ಎಲ್ಲೆಡೆಯೂ ಒಂದೇ. ಇಡೀ ನೌಕೆಯನ್ನು ಒಂದು ಕುಟುಂಬವೋ ಗೆಳೆಯರ ಗುಂಪೋ ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿಯುತ್ತದೆ. ಹೋಟೆಲಿನ ಬಾಗಿಲಿಗೆ ವಾಹನ ಬರುತ್ತದೆ. ನೌಕೆಯ ಮುಂಭಾಗದ ಬಲೆಯ ಮೇಲೆ ಮೈಚಾಚಿದವರ ಕೈಗೆ ರಮ್ ಬೆರೆಸಿದ ಹಣ್ಣಿನ ರಸ ಬರುತ್ತದೆ. ದಡದಿಂದ ತುಸು ದೂರದ ಹವಳದ ದಿಬ್ಬದ ಬಳಿ ನೌಕೆ ನಿಲ್ಲುತ್ತದೆ. ಕಣ್ಣಿಗೆ ಗಾಜಿನ ಮುಖವಾಡ, ಬಾಯಿಗೆ ಉಸಿರಾಟದ ಕೊಳವೆ, ಕಾಲಿಗೆ ರಬ್ಬರಿನ ಈಜುರೆಕ್ಕೆ ತೊಟ್ಟ ಅತಿಥಿಗಳು ನೀರಿಗಿಳಿದು, ಮುಖ ಕೆಳಗೆ ಮಾಡಿ ತೇಲುತ್ತ, ಬಣ್ಣದ ಮೀನುಗಳನ್ನು ನೋಡುತ್ತಾರೆ. ಇದೇ ಸ್ನಾರ್ಕಲಿಂಗ್. ಬಳಿಕ ಊಟ, ಸಂಗೀತ, ಸೂರ್ಯಾಸ್ತ.

ಇದರಲ್ಲಿ ತಪ್ಪೇನು ಎಂದು ಯಾರಾದರೂ ಕೇಳಿಯಾರು. ಹಾಯಿಗೆ ಬೇಕಾದುದು ಗಾಳಿ ಮಾತ್ರ. ಸಾವಿರಾರು ಪ್ರಯಾಣಿಕರನ್ನು ತುಂಬಿಕೊಂಡು ಬರುವ ವಿಲಾಸಿ ಹಡಗಿನ ಮುಂದೆ ಈ ನೌಕೆ ಸಾಧು ಪ್ರಾಣಿ. 'ನೋಡುತ್ತೇವೆ, ಏನನ್ನೂ ಒಯ್ಯುವುದಿಲ್ಲ' ಎಂಬುದು ಈ ಉದ್ಯಮದ ಸಮರ್ಥನೆ. ಪರೀಕ್ಷೆಗೆ ಒಡ್ಡಬೇಕಾದುದು ಈ ಸಮರ್ಥನೆಯನ್ನೇ. ವಿಹಾರದ ದರದಲ್ಲಿ ನೌಕೆಯ ಬಾಡಿಗೆ ಸೇರಿದೆ, ಡೀಸೆಲ್ ಸೇರಿದೆ, ಊಟ ಮತ್ತು ಮದ್ಯ ಸೇರಿವೆ, ಸಿಬ್ಬಂದಿಯ ಕೂಲಿ ಸೇರಿದೆ. ಅತಿಥಿ ಯಾವುದನ್ನು ನೋಡಲು ಸಾವಿರಾರು ಮೈಲಿ ಹಾರಿ ಬಂದನೋ ಆ ಹವಳದ ಪಾಲು ಮಾತ್ರ ಸಾಮಾನ್ಯವಾಗಿ ಅಲ್ಲಿ ಕಾಣಸಿಗದು. ಬಂಡವಾಳಕ್ಕೆ ಬೆಲೆ ಕಟ್ಟದೆ ಬಡ್ಡಿಯನ್ನು ಮಾತ್ರ ಎಣಿಸಿಕೊಳ್ಳುವ ವ್ಯಾಪಾರ ಎಷ್ಟು ಕಾಲ ನಡೆದೀತು?

ದಿಬ್ಬವನ್ನು ಕಟ್ಟಿದವರು

ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ. ಅದು ಪುಟ್ಟ ಪ್ರಾಣಿಗಳ ಕೇರಿ. ಪಾಲಿಪ್ ಎಂಬ ಆ ಜೀವಿ ತನ್ನ ಮೈಯೊಳಗೆ ಏಕಕೋಶದ ಪಾಚಿಗೆ ಆಶ್ರಯ ಕೊಡುತ್ತದೆ. ಪಾಚಿ ಬಿಸಿಲಿನ ನೆರವಿನಿಂದ ಆಹಾರ ತಯಾರಿಸಿ ಆಶ್ರಯದಾತನಿಗೆ ಉಣಿಸುತ್ತದೆ. ಈ ಕೊಡುಕೊಳ್ಳುವಿಕೆಯ ಬಲದಿಂದ ಪಾಲಿಪ್ ತನ್ನ ಸುತ್ತ ಸುಣ್ಣದ ಗೂಡು ಕಟ್ಟುತ್ತದೆ. ಗುಂಡುಬಂಡೆಯಂತೆ ಕಾಣುವ ಕೆರಿಬಿಯನ್ ಹವಳ ವರ್ಷಕ್ಕೆ ಬೆಳೆಯುವುದು ಹೆಚ್ಚೆಂದರೆ ಸುಮಾರು 1 ಸೆಂಟಿಮೀಟರ್. ಆಳೆತ್ತರದ ಹವಳಬಂಡೆಯ ಪ್ರಾಯ ಶತಮಾನವನ್ನು ಮೀರಿರುತ್ತದೆ. ಈಜುರೆಕ್ಕೆಯ ಒಂದು ಒದೆತಕ್ಕೆ ಒಡೆದ ಅಂಗೈಯಗಲದ ಚೂರು ಹಲವು ವರ್ಷಗಳ ದುಡಿಮೆ.

ಆ ದುಡಿಮೆಯಿಂದ ದ್ವೀಪಕ್ಕೆ ದೊರೆಯುವ ಲಾಭ ಕಣ್ಣಿನ ಸುಖಕ್ಕಿಂತ ಬಹಳ ದೊಡ್ಡದು. ಹವಳದ ದಿಬ್ಬಗಳು ಅಲೆಗಳ ಶಕ್ತಿಯನ್ನು ಸರಾಸರಿ ಶೇ. 97ರಷ್ಟು ಹೀರುತ್ತವೆಂದು 2014ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದು ತೋರಿಸಿತು. 2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಚಂಡಮಾರುತ ಐದನೆಯ ದರ್ಜೆಯ ಬಲದಿಂದ ಜಮೈಕದ ನೈಋತ್ಯ ತೀರಕ್ಕೆ ಅಪ್ಪಳಿಸಿತು. ಅಂಥ ದಿನಗಳನ್ನು ಕಾಣಬೇಕಾದ ದ್ವೀಪಕ್ಕೆ ದಿಬ್ಬವೆಂದರೆ ತೀರದ ಕೋಟೆಗೋಡೆ. ಗೋಡೆ ಸವೆದಾಗ ಅದರ ಬೆಲೆ ತೆರುವವರು ದಡದ ಗುಡಿಸಲಿನವರು. ವಿಹಾರದ ಅತಿಥಿ ಆ ಹೊತ್ತಿಗೆ ತನ್ನ ದೇಶದಲ್ಲಿರುತ್ತಾನೆ.

ಈ ಗೋಡೆ ಈಗಾಗಲೇ ಎಷ್ಟು ಕುಸಿದಿದೆ ಎಂಬುದಕ್ಕೆ ಜಮೈಕದ ಚರಿತ್ರೆಯೇ ಸಾಕ್ಷಿ. 1970ರ ದಶಕದ ಕೊನೆಯಲ್ಲಿ ಅಲ್ಲಿನ ದಿಬ್ಬಗಳ ಅರ್ಧಕ್ಕೂ ಹೆಚ್ಚು ಭಾಗವನ್ನು ಜೀವಂತ ಹವಳ ಹೊದ್ದಿತ್ತು. 1990ರ ದಶಕದ ಆರಂಭಕ್ಕೆ ಅದು ಶೇ. 5ಕ್ಕಿಂತ ಕೆಳಗಿಳಿಯಿತು. ಟೆರ್ರಿ ಹ್ಯೂಸ್ ಎಂಬ ವಿಜ್ಞಾನಿ 1994ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ದುರಂತದ ಕಾರಣಗಳನ್ನು ಬಿಡಿಸಿಟ್ಟರು. ಹವಳದ ಮೇಲೆ ಬೆಳೆಯುವ ದೊಡ್ಡ ಪಾಚಿಯನ್ನು ಮೇದು ಶುಚಿಯಾಗಿಡುವ ಗಿಳಿಮೀನು ಮೊದಲಾದವುಗಳನ್ನು ಅತಿಯಾಗಿ ಹಿಡಿದು ಮುಗಿಸಲಾಗಿತ್ತು. ಆ ಕೆಲಸವೆಲ್ಲ ಉದ್ದ ಕರಿಮುಳ್ಳುಗಳ ಚೆಂಡಿನಂತಿರುವ ಸೀ ಅರ್ಚಿನ್ ಎಂಬ ಒಂದೇ ಜೀವಿಯ ಮೇಲೆ ಬಿದ್ದಿತ್ತು. 1980ರಲ್ಲಿ ಅಲೆನ್ ಚಂಡಮಾರುತ ಹವಳವನ್ನು ಪುಡಿಮಾಡಿತು. 1983ರಲ್ಲಿ ರೋಗವೊಂದು ಬಂದು ಸೀ ಅರ್ಚಿನ್‌ಗಳನ್ನು ಬಹುಪಾಲು ನಿರ್ನಾಮ ಮಾಡಿತು. ಮೇಯುವವರಿಲ್ಲದೆ ಪಾಚಿ ಹವಳವನ್ನು ಮುಚ್ಚಿತು. ಒಂದೇ ಬೆಳೆಯನ್ನು ನಂಬಿದ ತೋಟಕ್ಕೆ ಕೊಳೆರೋಗ ಬಿದ್ದಾಗ ಏನಾಗುವುದೆಂದು ಬಲ್ಲ ಮಲೆನಾಡಿನ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂದರೆ ಇಂದು ಸ್ನಾರ್ಕಲಿಂಗ್ ನೌಕೆಗಳು ತೋರಿಸುತ್ತಿರುವುದು ತುಂಬಿದ ಕಣಜವನ್ನಲ್ಲ, ಅಳಿದುಳಿದ ಬಿತ್ತನೆಯ ಬೀಜವನ್ನು. ಬೀಜದ ಗೋಣಿಯ ಮೇಲೆ ಕುಳಿತು ಹಬ್ಬ ಮಾಡುವ ಮನೆಯನ್ನು ಹಳ್ಳಿಯ ಹಿರಿಯರು ಏನೆಂದು ಕರೆದಾರು?

ಮುಟ್ಟದೆ ನೋಡಿದರೆ ಸಾಕೇ?

ಹವಳ ಹಾಳಾಗಲು ಪ್ರವಾಸಿಯೊಬ್ಬನೇ ಕಾರಣನಲ್ಲ, ನಿಜ. ಆದರೆ ಮುಟ್ಟುವುದಿಲ್ಲ ಎಂಬ ಮಾತೂ ನಿಜವಲ್ಲ. ಎರಡು ಒಡಲಿನ ನೌಕೆಗೆ ಆಳವಾದ ನೀರು ಬೇಕಿಲ್ಲ. ಆದ್ದರಿಂದಲೇ ಅದು ಬೇರೆ ಹಾಯಿನೌಕೆಗಳು ಹೆದರುವ ತೆಳುನೀರಿನವರೆಗೂ ನುಗ್ಗಬಲ್ಲದು. ಅಲ್ಲಿ ಲಂಗರು ಇಳಿಸಿದರೆ ಅದರ ಸರಪಳಿ ಗಾಳಿಗೆ ತಕ್ಕಂತೆ ತಳವನ್ನು ಗುಡಿಸುತ್ತ ಹವಳವನ್ನೂ ಆಮೆ ಮೇಯುವ ಕಡಲಹುಲ್ಲನ್ನೂ ಕಿತ್ತುಹಾಕುತ್ತದೆ. ಈಜು ಬಾರದವನು ಗಾಬರಿಗೊಂಡರೆ ಕಾಲೂರುವುದು ಹವಳದ ಮೇಲೆಯೇ. ಶೌಚದ ನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟು ದಡಕ್ಕೆ ತಾರದೆ ಕಡಲಿಗೆ ಬಿಟ್ಟರೆ ಅದು ಪಾಚಿಗೆ ಗೊಬ್ಬರವಾಗುತ್ತದೆ. ಬಿಸಿಲು ತಡೆಯಲು ಮೈಗೆ ಬಳಿಯುವ ಲೇಪಗಳಲ್ಲಿನ ಆಕ್ಸಿಬೆಂಜೋನ್ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಹವಳದ ಮರಿಗಳಿಗೆ ಹಾನಿ ಮಾಡಿದೆ. ಅಮೆರಿಕದ ಅಧೀನದಲ್ಲಿರುವ ವರ್ಜಿನ್ ದ್ವೀಪಗಳು 2020ರಿಂದ ಅದನ್ನು ನಿಷೇಧಿಸಿವೆ.

ಇವೆಲ್ಲಕ್ಕಿಂತ ದೊಡ್ಡ ಪಾಲು ಕಣ್ಣಿಗೆ ಕಾಣದ್ದು. ಹಾಯಿನೌಕೆಯ ಹೊಗೆ ಅಲ್ಪವಿರಬಹುದು. ಅತಿಥಿಯನ್ನು ಖಂಡ ದಾಟಿಸಿ ತಂದ ವಿಮಾನದ ಹೊಗೆ ಅಲ್ಪವಲ್ಲ. ಕಡಲು ಕಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಕಾವು ಇಳಿಯದಿದ್ದರೆ ಹಸಿದು ಸಾಯುತ್ತದೆ. 2023ರ ಬೇಸಿಗೆಯಲ್ಲಿ ಕೆರಿಬಿಯನ್ ಕಡಲು ಹಿಂದೆಂದೂ ಕಾಣದಷ್ಟು ಕಾದಿತ್ತು. 2024ರ ಏಪ್ರಿಲಿನಲ್ಲಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತವು ಜಗತ್ತಿನ ನಾಲ್ಕನೆಯ ಸಾರ್ವತ್ರಿಕ ಹವಳ ಬಿಳಿಚುವಿಕೆಯನ್ನು ಘೋಷಿಸಿತು. ಹವಳ ನೋಡುವ ಹಂಬಲವೇ ಹವಳವನ್ನು ಬೇಯಿಸುವ ಒಲೆಗೆ ಸೌದೆಯಾಗುತ್ತಿದೆ.

ದಡ ಯಾರ ಸ್ವತ್ತು?

ಪ್ರಕೃತಿಯನ್ನು ನೋಟದ ಸರಕಾಗಿಸುವ ಮುನ್ನ ಅಲ್ಲಿನ ಜನರನ್ನು ದೂರ ಸರಿಸುವುದು ಎಲ್ಲೆಡೆಯ ಪದ್ಧತಿ. ಜಮೈಕದಲ್ಲಿ ಅದಕ್ಕೆ ಕಾನೂನಿನ ಆಸರೆಯೂ ದೊರೆಯಿತು. ಸ್ವಾತಂತ್ರ್ಯಕ್ಕೆ ಆರು ವರ್ಷ ಮೊದಲು, 1956ರಲ್ಲಿ, ವಸಾಹತು ಆಡಳಿತ ಬೀಚ್ ಕಂಟ್ರೋಲ್ ಆಕ್ಟ್ ಎಂಬ ಶಾಸನ ತಂದಿತು. ತೀರದ ನೆಲ ಮತ್ತು ಕಡಲತಳದ ಹಕ್ಕು ಬ್ರಿಟಿಷ್ ಅರಸೊತ್ತಿಗೆಯದಾಯಿತು. ಜನಸಾಮಾನ್ಯರಿಗೆ ಕಡಲದಂಡೆಯ ಮೇಲೆ ಸಾಮಾನ್ಯ ಹಕ್ಕು ಇಲ್ಲವಾಯಿತು. ಪರವಾನಗಿ ಪಡೆದವರಿಗೆ ದಂಡೆ ದಕ್ಕಿತು. 1962ರಲ್ಲಿ ಧ್ವಜ ಬದಲಾಯಿತು, ಆ ಶಾಸನ ಉಳಿಯಿತು. ಹೋಟೆಲುಗಳ ಬೇಲಿ ಬೆಳೆದಂತೆಲ್ಲ ಅಜ್ಜ ಮಿಂದ ಮರಳಿಗೆ ಮೊಮ್ಮಗನಿಗೆ ಪ್ರವೇಶವಿಲ್ಲದಾಯಿತು. ದಂಡೆಯ ಜನ್ಮಸಿದ್ಧ ಹಕ್ಕಿಗಾಗಿ ಅಲ್ಲಿನವರು ಇತ್ತೀಚಿನ ವರ್ಷಗಳಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ.

ಇದೇ ನೆಲದಲ್ಲಿ ಆಫ್ರಿಕದಿಂದ ಹಿಡಿದು ತಂದ ಗುಲಾಮರು ಕಬ್ಬು ಕಡಿದರು; ಸಕ್ಕರೆ ಇಂಗ್ಲೆಂಡಿಗೆ ಹೋಯಿತು. ಗುಲಾಮಗಿರಿ 1838ರಲ್ಲಿ ಪೂರ್ತಿ ಕೊನೆಗೊಂಡಿತು. ಇಪ್ಪತ್ತನೆಯ ಶತಮಾನದಲ್ಲಿ ಅಲ್ಯುಮಿನಿಯಂ ತಯಾರಿಸುವ ಬಾಕ್ಸೈಟ್ ಅದಿರು ಹಡಗು ಹತ್ತಿತು. ಈಗ ಮಾರಾಟಕ್ಕಿರುವುದು ನೀಲಿ ನೀರಿನ ನೋಟ. ಸರಕು ಬದಲಾಗಿದೆ, ಲಾಭದ ದಿಕ್ಕು ಬದಲಾಗಿದೆಯೇ?

ಹೊಟ್ಟೆಪಾಡಿನ ವಾದ

'ಪ್ರವಾಸಿ ಬಾರದಿದ್ದರೆ ನೌಕೆಯ ಹುಡುಗನಿಗೆ ಅನ್ನವೆಲ್ಲಿಂದ?' ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಹಗ್ಗ ಎಳೆಯುವವನು, ಅಡುಗೆಯವಳು, ವಾಹನ ಓಡಿಸುವವನು ಎಲ್ಲರೂ ಇದರಿಂದಲೇ ಬದುಕುತ್ತಾರೆ. ಮೀನನ್ನು ಬರಿದು ಮಾಡಿದ್ದರಲ್ಲಿ ದ್ವೀಪದವರ ಕೈಯೂ ಇದೆ. ಆದರೆ ಈ ಪ್ರಶ್ನೆಗೆ ಉತ್ತರವೂ ಕೆರಿಬಿಯನ್ನಿನಲ್ಲಿಯೇ ಇದೆ.

ವೆನೆಜುವೆಲಾ ತೀರದ ಸಮೀಪದ ಬೊನೇರ್ ಎಂಬ ಪುಟ್ಟ ದ್ವೀಪ 1961ರಲ್ಲಿ ಕಡಲಾಮೆಯ ಗೂಡುಗಳಿಗೆ, 1975ರಲ್ಲಿ ಹವಳಕ್ಕೆ ಕಾನೂನಿನ ರಕ್ಷಣೆ ಕೊಟ್ಟಿತು. 1979ರಲ್ಲಿ ದ್ವೀಪದ ಸುತ್ತಲಿನ ಕಡಲನ್ನೇ ಸಂರಕ್ಷಿತ ಉದ್ಯಾನ ಮಾಡಿತು. ಅಲ್ಲಿ ಹವಳದ ಮೇಲೆ ಲಂಗರು ಇಳಿಸುವಂತಿಲ್ಲ. ತಳಕ್ಕೆ ಶಾಶ್ವತವಾಗಿ ಬಿಗಿದು ಮೇಲೆ ತೇಲಬಿಟ್ಟ ಗುಂಡುಗಳಿಗೆ ದೋಣಿಯನ್ನು ಕಟ್ಟಬೇಕು. 1992ರಿಂದ ಮುಳುಗುಗಾರರಿಂದ ಶುಲ್ಕ ಪಡೆದು ಉದ್ಯಾನದ ಕಾವಲಿಗೆ ಬಳಸಲಾಯಿತು. 2010ರಲ್ಲಿ ಗಿಳಿಮೀನು ಹಿಡಿಯುವುದು ನಿಷಿದ್ಧವಾಯಿತು. ಜಮೈಕದಲ್ಲಿಯೇ ಒರಾಕಬೆಸ್ಸ, ವೈಟ್ ರಿವರ್ ಎಂಬಲ್ಲಿ ಮೀನಿನ ಅಭಯಧಾಮಗಳಿವೆ. ನಿನ್ನೆಯವರೆಗೆ ಈಟಿ ಹಿಡಿದು ಮೀನು ಬೇಟೆಯಾಡುತ್ತಿದ್ದವರೇ ಅಲ್ಲಿ ಕಾವಲುಗಾರರಾಗಿದ್ದಾರೆ, ಹವಳದ ತುಂಡುಗಳನ್ನು ದಾರಕ್ಕೆ ಕಟ್ಟಿ ಸಸಿಮಡಿ ಮಾಡಿ ದಿಬ್ಬದಲ್ಲಿ ನಾಟಿ ಮಾಡುತ್ತಿದ್ದಾರೆ. ಮೀನು ಮರಳಿ ಹೆಚ್ಚಿದೆ.

ಆದರೆ ಎಚ್ಚರಿಕೆಯ ಮಾತೂ ಇದೆ. ಇಷ್ಟೆಲ್ಲ ಮಾಡಿದ ಬೊನೇರ್‌ಗೂ 2023ರಲ್ಲಿ ಕಲ್ಲುಹವಳದ ಮೈ ಕರಗಿಸುವ ರೋಗ ತಲುಪಿತು, ಅದೇ ವರ್ಷ ಕಡಲಿನ ಕಾವೂ ತಟ್ಟಿತು. ಊರಿನ ನಿಯಮ ಲಂಗರನ್ನು ತಡೆಯಬಲ್ಲದು, ಜಗತ್ತಿನ ಹೊಗೆಯನ್ನು ತಡೆಯಲಾರದು. ಹಾಗೆಂದು ನಿಯಮ ವ್ಯರ್ಥವೆಂದಲ್ಲ. ಕಾಯಿಲೆ ಬಂದಾಗ ಪುಷ್ಟ ಮೈಯೇ ಮೊದಲು ಚೇತರಿಸಿಕೊಳ್ಳುವುದು.

ಆದ್ದರಿಂದ ಬೇಡಿಕೆ ಸ್ಪಷ್ಟವಿರಬೇಕು. ಹವಳದ ಮೇಲೆ ಲಂಗರು ಇಳಿಸುವ ನೌಕೆಗೆ ಪರವಾನಗಿ ರದ್ದಾಗಲಿ. ಒಂದು ದಿಬ್ಬಕ್ಕೆ ದಿನವೊಂದಕ್ಕೆ ಎಷ್ಟು ಜನ ಎಂಬುದನ್ನು ಕಡಲನ್ನು ಬಲ್ಲ ವಿಜ್ಞಾನಿಗಳೂ ಮೀನುಗಾರರೂ ಕೂಡಿ ನಿರ್ಧರಿಸಲಿ. ಪ್ರತಿ ಟಿಕೆಟಿನಲ್ಲಿ ಹವಳದ ಪಾಲು ಬೇರೆಯಾಗಿ ನಮೂದಾಗಲಿ, ಆ ಹಣ ರಾಜಧಾನಿಗೆ ಹೋಗದೆ ಕಾವಲು ಕಾಯುವ ಊರಿಗೆ ಸೇರಲಿ. ದಡದ ದಾರಿ ದಡದವರಿಗೆ ತೆರೆದಿರಲಿ. ಇಷ್ಟನ್ನು ಒಪ್ಪದ ವಿಹಾರ 'ಪರಿಸರಸ್ನೇಹಿ' ಎಂಬ ಹಣೆಪಟ್ಟಿಗೆ ಅರ್ಹವಲ್ಲ.

ಗುಡ್ಡದವರಿಗೆ ಈ ಮಾತೇಕೆ?

ಹವಳದ ಬದುಕು ತೀರದಲ್ಲಿ ಆರಂಭವಾಗುವುದಿಲ್ಲ, ಗುಡ್ಡದ ತಲೆಯಲ್ಲಿ ಆರಂಭವಾಗುತ್ತದೆ. ಮಾಂಟೆಗೊ ಬೇಯ ಪಶ್ಚಿಮಕ್ಕೆ ಕಡಲು ಸೇರುವ ಗ್ರೇಟ್ ರಿವರ್ ಜಮೈಕದ ಒಳನಾಡಿನ ಗುಡ್ಡಗಳಿಂದ ಇಳಿದು ಬರುತ್ತದೆ. ಇಳಿಜಾರಿನ ಕಾಡು ಕಡಿದಾಗ ಮಳೆಗೆ ಕೊಚ್ಚಿದ ಮಣ್ಣು ಹವಳದ ಮೇಲೆ ಕೂರುತ್ತದೆ, ಬಿಸಿಲಿಗೆ ಅಡ್ಡವಾಗುತ್ತದೆ. ಹೊಲಕ್ಕೆ ಅತಿಯಾಗಿ ಸುರಿದ ಸಾರಜನಕ ಹವಳದ ವೈರಿಯಾದ ಪಾಚಿಯನ್ನು ಕೊಬ್ಬಿಸುತ್ತದೆ. ಘಟ್ಟದ ರೈತ ಕಟ್ಟಿದ ಒಂದು ಬದು ಕಡಲಿನ ಜೀವಿಗೂ ಕಾವಲಾಗುತ್ತದೆ.

ಕನ್ನಡನಾಡಿಗೂ ಹವಳವಿದೆ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿಬರಬಹುದಾದ ನೇತ್ರಾಣಿ ದ್ವೀಪದ ಸುತ್ತ ಹವಳವನ್ನು ತೋರಿಸುವ ಸ್ನಾರ್ಕಲಿಂಗ್, ಸ್ಕೂಬಾ ವ್ಯಾಪಾರ ಈಗಾಗಲೇ ಬೇರೂರಿದೆ. ಜಮೈಕ ಐವತ್ತು ವರ್ಷಗಳಲ್ಲಿ ಕಳೆದುಕೊಂಡು ಕಲಿತ ಪಾಠವನ್ನು ನೇತ್ರಾಣಿ ಕಳೆದುಕೊಳ್ಳದೆಯೇ ಕಲಿಯಬಹುದು. ಅಲ್ಲಿಗೆ ಹೋಗುವ ವಿದ್ಯಾರ್ಥಿಯು ದೋಣಿ ಏರುವ ಮುನ್ನ ಮೂರು ಪ್ರಶ್ನೆ ಕೇಳಲಿ: ಲಂಗರು ಎಲ್ಲಿ ಇಳಿಯುತ್ತದೆ? ದಿನಕ್ಕೆ ಎಷ್ಟು ಜನ ಇಳಿಯುತ್ತಾರೆ? ಈ ಹಣದಲ್ಲಿ ಕಡಲಿಗೆ ಮತ್ತು ಕಡಲಿನ ಮಕ್ಕಳಿಗೆ ಸೇರುವುದೆಷ್ಟು? ಉತ್ತರ ಬಾರದಿದ್ದರೆ ದಡದಲ್ಲಿಯೇ ನಿಂತು ತೆರೆ ನೋಡಿ ಮರಳಲಿ. ತೆರೆಯ ನೋಟಕ್ಕೆ ಇನ್ನೂ ಟಿಕೆಟ್ ಇಲ್ಲ.